ಊರೆಬ್ರೂದಲ್ಲಿ ಗುರಿ ಕಲಿತ ಐದು ದಿನ

ಸ್ಟಾಕ್‌ಹೋಮ್ ವಿಮಾನ ನಿಲ್ದಾಣ

ಸ್ವೀಡನ್ನಿನ ನೆಲದ ಮೇಲೆ ನಾವು ಆಡಿದ ಮೊದಲ ಇಂಗ್ಲಿಷ್ ಪದ ‘ಶೂಟಿಂಗ್’. ಆಡಿದ್ದು ನಾನಲ್ಲ, ರಂಗಣ್ಣ.

ಪಾಸ್‌ಪೋರ್ಟ್ ನೋಡುವ ಗಾಜಿನ ಗೂಡಿನೊಳಗಿದ್ದ ಅಧಿಕಾರಿ ಯಾವ ಕೆಲಸಕ್ಕೆ ಬಂದಿದ್ದೀರಿ ಎಂದು ಕೇಳಿದ. ನಾನು ಕೈಚೀಲದಲ್ಲಿ ಆಹ್ವಾನದ ಪತ್ರ ಹುಡುಕುತ್ತಿದ್ದೆ. ಅಷ್ಟರಲ್ಲಿ ರಂಗಣ್ಣ ಮಂಕಿ ಟೋಪಿ ಸರಿಮಾಡಿಕೊಂಡು, ಎದೆಯುಬ್ಬಿಸಿ, “ಶೂಟಿಂಗ್ ಸಾ!” ಎಂದುಬಿಟ್ಟರು.

ಅಧಿಕಾರಿ ಪೆನ್ನು ಕೆಳಗಿಟ್ಟ. ರಂಗಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಂದರ ಮೇಲೊಂದು ಎರಡು ಸ್ವೆಟರು, ಜೇಬಿನಿಂದ ಹಳದಿ ನಾಲಗೆಯ ಹಾಗೆ ಇಣುಕುತ್ತಿದ್ದ ಟೈಲರ್ ಟೇಪು. “ಸಿನಿಮಾನಾ?” ಎಂದು ಕೇಳಿದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

“ನೋ ಸಾ. ಮ್ಯಾನ್ ಶೂಟಿಂಗ್.”

ನಾನು ಕೈಗೆ ಸಿಕ್ಕ ಕಾಗದಗಳನ್ನೆಲ್ಲ ಗಾಜಿನ ಕೆಳಗೆ ತಳ್ಳಿ, ಕಂಪ್ಯೂಟರು, ಆಟ, ಪಂದ್ಯ ಎಂದು ನನಗೆ ಬರುವ ಇಂಗ್ಲಿಷನ್ನೆಲ್ಲ ಒಂದೇ ಉಸಿರಿಗೆ ಸುರಿದೆ. ಪತ್ರ ಓದುತ್ತಾ ಓದುತ್ತಾ ಅವನ ಮುಖ ಅರಳಿತು. ಪಕ್ಕದ ಗೂಡಿನವನನ್ನೂ ಕರೆದು ತೋರಿಸಿದ. ಇಬ್ಬರೂ ಅದೇ ಆಟ ಆಡುವವರಂತೆ! ಒಂದೇ ಗುಂಡಿಗೆ ತಲೆಗೆ ಹೊಡೆಯುತ್ತೀರಾ ಎಂದು ನನ್ನನ್ನು ಕೇಳಿದ.

“ಇವರು ಹೊಡೀತಾರೆ. ನಾನು ಪ್ರಯತ್ನ ಮಾಡ್ತೀನಿ,” ಎಂದೆ.

ಅವನು ನಕ್ಕು ಮುದ್ರೆ ಒತ್ತಿದ. ನಾನು ತಮಾಷೆಗೆ ಹೇಳಿದ್ದಲ್ಲ. ಅದು ನಿಜವಾಗಿತ್ತು.

ಊರೆಬ್ರೂ: ಮೊದಲ ದಿನ

ಸ್ಟಾಕ್‌ಹೋಮಿನಿಂದ ಊರೆಬ್ರೂಗೆ ರೈಲಿನಲ್ಲಿ ಎರಡು ಗಂಟೆ. ಬೋಗಿ ತುಂಬಾ ಜನ, ಆದರೆ ಒಬ್ಬರ ಉಸಿರೂ ಕೇಳಿಸುವುದಿಲ್ಲ. ನಾನು ಹೊಳೆನರಸೀಪುರದಿಂದ ಹಾಸನಕ್ಕೆ ದಿನಾ ರೈಲಿನಲ್ಲಿ ಓಡಾಡುವವಳು. ಆ ಚಿಕ್ಕ ದಾರಿಯಲ್ಲೇ ಎದುರು ಕೂತವರ ಮಗಳ ನಿಶ್ಚಿತಾರ್ಥ, ಸೊಸೆಯ ಹೆರಿಗೆ, ಅತ್ತೆಯ ಮಂಡಿನೋವು ಎಲ್ಲ ತಿಳಿದುಹೋಗುತ್ತದೆ. ಇಲ್ಲಿ ಎಲ್ಲರೂ ಕಿಟಕಿಗೆ ಮುಖ ಮಾಡಿ ಕೂತಿದ್ದರು.

“ಯಾರಾನಾ ಸತ್ತೋಗವ್ರಾ ಮಿಸ್ಸೇ, ಇಂಗ್ ಕುಂತವ್ರಲ್ಲ?” ಎಂದು ರಂಗಣ್ಣ ತಮ್ಮ ಎಂದಿನ ದನಿಯಲ್ಲಿ ಕೇಳಿದರು. ಇಡೀ ಬೋಗಿ ನಮ್ಮತ್ತ ತಿರುಗಿತು.

‘ಮಿಸ್ಸು’ ಎಂದರೆ ನಾನು, ನಾಗವೇಣಿ. ಅಪ್ಪ ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟರು. ನಾನು ಹಾಸನದ ಸಾಲಗಾಮೆ ರಸ್ತೆಯಲ್ಲಿ ಕಂಪ್ಯೂಟರ್ ಕ್ಲಾಸು ತೆಗೆದುಕೊಳ್ಳುತ್ತಿದ್ದೆ. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಸೈಬರ್ ಸೆಂಟರ್ ಇತ್ತು. ಪಕ್ಕದಲ್ಲೇ ರಂಗಣ್ಣನ ಟೈಲರ್ ಅಂಗಡಿ. ಅವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವರು, ನಲವತ್ತರ ಹತ್ತಿರದ ವಯಸ್ಸು. ಸೈಬರಿನ ಕ್ಯಾಬಿನ್ನುಗಳಿಗೆ ಪರದೆ ಹೊಲಿದುಕೊಟ್ಟವರು ಅವರೇ. ಪರದೆ ತೂಗುಹಾಕಲು ಬಂದ ದಿನ ಹುಡುಗರು ಸುಮ್ಮನೆ ಕೂರಿಸಿ ಮೌಸು ಕೈಗೆ ಕೊಟ್ಟರು. ಬಂದೂಕು ಹಿಡಿದು ಓಣಿ ಓಣಿ ಓಡಾಡುವ ಆಟ ಅದು. ಕಂಪ್ಯೂಟರಿನ ತೆರೆಯ ನಡುವೆ ಒಂದು ಹಸಿರು ಪ್ಲಸ್ ಗುರುತು. ಅದನ್ನು ಎದುರಾಳಿಯ ಮೇಲೆ ತಂದು ಮೌಸಿನ ಗುಂಡಿ ಒತ್ತಬೇಕು. ಇಪ್ಪತ್ತು ವರ್ಷ ಕೈಯಲ್ಲೇ ಕಾಜಾ ಹೊಲಿದ ಮಣಿಕಟ್ಟು ಅವರದು. ವರ್ಷದೊಳಗೆ ಹಾಸನದಲ್ಲಿ ಅವರೆದುರು ನಿಲ್ಲುವವರೇ ಇಲ್ಲವಾದರು.

ನಾನು ಅವರ ಜೋಡಿಯಾದದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಆ ಹೊತ್ತಿಗೆ ಸೈಬರಿನಲ್ಲಿರುತ್ತಿದ್ದವರು ನಾವಿಬ್ಬರೇ. ಬೆಂಗಳೂರಿನಲ್ಲಿ ಇಬ್ಬಿಬ್ಬರ ಪಂದ್ಯವೊಂದು ನಡೆಯಿತು, ಗೆದ್ದ ಜೋಡಿಗೆ ಸ್ವೀಡನ್ನಿನ ಪಂದ್ಯಕ್ಕೆ ಹೋಗುವ ಅವಕಾಶ. ಗೆದ್ದೆವು. ಫೈನಲ್ಲಿನಲ್ಲಿ ಸೋತ ಚನ್ನರಾಯಪಟ್ಟಣದ ಹುಡುಗರು ಮೆಟ್ಟಿಲಿಳಿಯುತ್ತಾ ಆಡಿಕೊಂಡದ್ದು ನನ್ನ ಕಿವಿಗೆ ಬಿತ್ತು. “ಎಲ್ಲಾ ಆ ಟೈಲರ್ರೇ ಒಡ್ದಿದ್ದು ಕಣ್ಲಾ. ಆವಮ್ಮ ಬರೀ ಲಗೇಜು.”

ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಊರೆಬ್ರೂದಲ್ಲಿ ನಮ್ಮನ್ನು ಕರೆದೊಯ್ಯಲು ಬಂದವರು ಗುನಿಲ್ಲಾ. ಹೊರದೇಶದ ಆಟಗಾರರನ್ನು ಊರಿನವರ ಮನೆಗಳಲ್ಲಿ ಇಳಿಸಿದ್ದರು. ಗುನಿಲ್ಲಾ ಶಾಲೆಯ ಟೀಚರು. ಕಲಿಸುವುದು ಮರಗೆಲಸ, ಹೊಲಿಗೆ. ಗಂಡುಹುಡುಗರೂ ಹೊಲಿಯಬೇಕು, ಹೆಣ್ಣುಮಕ್ಕಳೂ ರಂದ ಹೊಡೆಯಬೇಕು, ಅದು ಅಲ್ಲಿಯ ನಿಯಮವಂತೆ. ಅವರ ಮಗಳು ಎಲಿನ್‌ಗೆ ಹತ್ತೊಂಬತ್ತು ವರ್ಷ. ಅವಳು ಆಡುವುದೂ ನಮ್ಮದೇ ಆಟ, ಅವಳದೇ ಒಂದು ತಂಡವೂ ಇತ್ತು. ಈ ಪಂದ್ಯದಲ್ಲಿ ಅವಳು ಆಡುತ್ತಿರಲಿಲ್ಲ, ವ್ಯವಸ್ಥೆ ನೋಡಿಕೊಳ್ಳುತ್ತಿದ್ದಳು.

ಬಾಗಿಲಲ್ಲೇ ಎಲ್ಲರೂ ಚಪ್ಪಲಿ, ಬೂಟು ಬಿಟ್ಟರು. ರಂಗಣ್ಣನಿಗೆ ಹಿಡಿಸಲಾರದಷ್ಟು ಸಂತೋಷ. “ನಮ್ಮೋರೇ ಕಣ್ರೀ ಇವ್ರು!” ಆದರೆ ಚೊಂಬಿನಷ್ಟು ದೊಡ್ಡ ಲೋಟದಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ ಕಾಫಿ ಬಂದಾಗ ಆ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡರು. ಕಿಟಕಿಯಾಚೆ ನೋಡಿದರೆ ದೀಪ ಹತ್ತಿದ್ದವು. ಗಡಿಯಾರದಲ್ಲಿ ಮೂರೂವರೆ.

“ಊರೆಬ್ರೂ. ಎಸ್ರಲ್ಲೇ ಊರ್ ಮಡೀಕಂಡವ್ರೆ,” ಎಂದರು ರಂಗಣ್ಣ. “ಸೂರ್ಯನ್ನ ಮಾತ್ರ ಮಡೀಕಂಡಿಲ್ಲ.”

ಎರಡನೆಯ ದಿನ

ಪಂದ್ಯದ ಹಾಲ್ ನೋಡಿ ನನಗೆ ಕುಣಿಯಬೇಕೆನಿಸಿತು. ಸಾವಿರ ಜನವೋ ಎರಡು ಸಾವಿರವೋ, ಲೆಕ್ಕ ಸಿಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕಂಪ್ಯೂಟರನ್ನು ಮನೆಯಿಂದಲೇ ಹೊತ್ತು ತರುತ್ತಿದ್ದರು. ಮಾನಿಟರಿಗೆ ಕಂಬಳಿ ಸುತ್ತಿ, ತಳ್ಳುಗಾಡಿಯ ಮೇಲಿಟ್ಟು, ಮದುವೆ ಛತ್ರಕ್ಕೆ ಅಡುಗೆಯವರು ಪಾತ್ರೆ ಇಳಿಸುವ ಹಾಗೆ. ಹಾಸನದಲ್ಲಿ ಕರೆಂಟು ಹೋದೊಡನೆ ಆಟ ಅರ್ಧಕ್ಕೆ ನಿಂತು ಎಲ್ಲ ಕ್ಯಾಬಿನ್ನುಗಳಿಂದ “ಅಯ್ಯೋ” ಏಳುತ್ತದಲ್ಲ, ಇಲ್ಲಿ ಅದರ ಭಯವೇ ಯಾರಿಗೂ ಇರಲಿಲ್ಲ.

ಹೆಸರು ಬರೆಸುವ ಮೇಜಿಗೆ ರಂಗಣ್ಣ ನೇರ ಹೋಗಿ ನಿಂತರು. ಅಲ್ಲಿದ್ದ ಹುಡುಗಿ ನಗುತ್ತಲೇ ಮೂಲೆಯ ಪುಟ್ಟ ಯಂತ್ರ ತೋರಿಸಿದಳು. ಅದರಿಂದ ನಂಬರಿನ ಚೀಟಿ ಎಳೆದುಕೊಳ್ಳಬೇಕು. ನಮ್ಮದು ಎಂಬತ್ತೇಳು, ನಡೆಯುತ್ತಿದ್ದುದು ಎಂಬತ್ತಾರು. ನಮ್ಮ ಮುಂದೆ ಒಬ್ಬನೇ! ಆದರೂ ಚೀಟಿ ಬೇಕು.

ನಮ್ಮಂಥ ಹೊರದೇಶದವರಿಗೆ ಕಂಪ್ಯೂಟರು ಅಲ್ಲೇ ಕೊಟ್ಟಿದ್ದರು. ಅಭ್ಯಾಸಕ್ಕೆಂದು ಫಿನ್‌ಲ್ಯಾಂಡಿನ ಇಬ್ಬರ ಎದುರು ಕೂತೆವು. ಮೊದಲು ಹತ್ತು ಸುತ್ತು ಗೆದ್ದವರದು ಆಟ. ಹತ್ತು–ಒಂದಕ್ಕೆ ಸೋತೆವು. ಆ ಒಂದು ರಂಗಣ್ಣನದು. ನಾನು ಸುಣ್ಣ ಬಳಿದ ಹಾಗೆ ಗೋಡೆಯ ತುಂಬ ಗುಂಡು ಹೊಡೆದೆ. ಎದುರಾಳಿ ಕಂಡೊಡನೆ ನನ್ನ ಪ್ಲಸ್ ಗುರುತು ಅವನನ್ನು ದಾಟಿ ಆಚೆ ಹೋಗುತ್ತಿತ್ತು, ವಾಪಸ್ ತಂದರೆ ಈಚೆಗೆ ಬರುತ್ತಿತ್ತು. ಅಷ್ಟರಲ್ಲಿ ನಾನು ಸತ್ತಿರುತ್ತಿದ್ದೆ.

ಎಲಿನ್ ಅಷ್ಟು ಹೊತ್ತೂ ನನ್ನ ಹಿಂದೆ ನಿಂತಿದ್ದಳು. ಸಮಾಧಾನ ಹೇಳಲಿಲ್ಲ. “ನೀನು ಯಾಕೆ ನೆಲ ನೋಡಿಕೊಂಡು ಓಡ್ತೀಯ?” ಎಂದು ಕೇಳಿದಳು.

ನೋಡಿಕೊಂಡೆ. ಹೌದು, ನೆಲವನ್ನೇ. ಮಳೆಗಾಲದ ಬಸ್ ಸ್ಟ್ಯಾಂಡಿನಲ್ಲಿ ಗುಂಡಿ ತಪ್ಪಿಸುತ್ತಾ ನಡೆಯುವ ಹಾಗೆ.

ಆಮೇಲೆ ನನ್ನ ಮೌಸು ಹಿಡಿದು, ಆಟದೊಳಗಿನ ಮನುಷ್ಯನನ್ನು ಒಂದು ಪೂರ್ತಿ ಸುತ್ತು ತಿರುಗಿಸಿದಳು. ಮೌಸು ಎಷ್ಟು ದೂರ ಸರಿಯಿತು ಎಂದು ಕೇಳಿದಳು. ರಂಗಣ್ಣ ಥಟ್ಟನೆ ಟೇಪು ತೆಗೆದು ಹಿಡಿದರು. ಎರಡೂಕಾಲು ಇಂಚು. ನಂತರ ಎಲಿನ್ ತನ್ನ ಕಂಪ್ಯೂಟರಿನಲ್ಲಿ ಅದನ್ನೇ ಮಾಡಿ ತೋರಿಸಿದಳು. ಅವಳ ಕೈ ಮೊಣಕೈಯಿಂದ ಇಡಿಯಾಗಿ ಸರಿಯುತ್ತಾ ಸರಿಯುತ್ತಾ ಹೋಯಿತು. ರಂಗಣ್ಣ ಟೇಪು ಬಿಚ್ಚುತ್ತಲೇ ಇದ್ದರು. ಇಪ್ಪತ್ತು ಇಂಚು!

“ಏನ್ ಮಿಸ್ಸೇ ಇದು, ತೋಳಿನ ಅಳತೆ ಐತಲ್ಲ!”

ನಾನು ಅವಳಿಗೆ ಹಾಸನದ ಕ್ಯಾಬಿನ್ನು ವರ್ಣಿಸಿದೆ. ಮೇಜಿನ ಕೆಳಗಿನಿಂದ ಎಳೆಯುವ ಪ್ಲೈವುಡ್ ಹಲಗೆ. ಅದರ ಮೇಲೆ ಕೀಬೋರ್ಡು, ಉಳಿದ ಒಂದು ಗೇಣಿನಲ್ಲಿ ಮೌಸು. ಹೊಟ್ಟೆಯಲ್ಲಿ ಚೆಂಡಿರುವ ಮೌಸು ಅದು, ವಾರಕ್ಕೊಮ್ಮೆ ಬಿಚ್ಚಿ ಉಗುರಿನಲ್ಲಿ ಕೊಳೆ ಕೆರೆಯಬೇಕು. ಮೊಣಕೈ ಸರಿಸಿದರೆ ಪಕ್ಕದ ಕ್ಯಾಬಿನ್ನಿಗೆ ಬಡಿಯುತ್ತದೆ. ಅದಕ್ಕೇ ನಾವೆಲ್ಲ ಮೌಸಿನ ವೇಗ ಪೂರ್ತಿ ಏರಿಸಿ, ಮಣಿಕಟ್ಟಿನಲ್ಲೇ ಕುಲುಕಿ ಆಡುವವರು.

ಎಲಿನ್ ನನ್ನ ಮಣಿಕಟ್ಟು ಹಿಡಿದು ನೋಡಿದಳು. “ಹಾಗಾದರೆ ನಿನ್ನ ಕೈ ಕೆಟ್ಟದ್ದಲ್ಲ. ನಿನ್ನ ಟೇಬಲ್ ಚಿಕ್ಕದು.”

ಎರಡು ವರ್ಷದಿಂದ ನನ್ನ ಕೈಗೇ ಏನೋ ದೋಷವಿದೆ ಎಂದುಕೊಂಡಿದ್ದವಳು ನಾನು.

ಆದರೆ ಪಂದ್ಯ ನಾಡಿದ್ದು. ಈಗ ವೇಗ ಇಳಿಸಿದರೆ ಇರುವ ಅಭ್ಯಾಸವೂ ಹೋಗಿ, ಬಾಗಿಲು ದಾಟಲೂ ಬಾರದವಳಾಗುತ್ತೇನೆ. ರಂಗಣ್ಣನನ್ನು ಕೇಳಿದೆ.

ಅವರು ಟೇಪು ಸುತ್ತುತ್ತಾ ಹೇಳಿದರು. “ನಿಮ್ಮಿಷ್ಟ ಮಿಸ್ಸೇ. ಆದ್ರೆ ಒಂದ್ ಮಾತ್ ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಾನೊಬ್ನೇ ಎಷ್ಟ್ ದಿನಾಂತ ಒಡೀಲಿ?”

ಅಲ್ಲೇ ಕೂತು ವೇಗ ಇಳಿಸಿದೆ.

ಮೂರನೆಯ ದಿನ

ಗುನಿಲ್ಲಾ ಅವರ ಮನೆಯ ನೆಲಮಾಳಿಗೆಯಲ್ಲಿ ಎರಡು ಕಂಪ್ಯೂಟರು. ಬೆಳಗಿನ ತಿಂಡಿ ಮುಗಿಸಿ ಇಳಿದೆವು. ಮೊದಲ ಒಂದು ಗಂಟೆ ಎಲಿನ್ ನನಗೆ ಎದುರಾಳಿಯನ್ನೇ ಕೊಡಲಿಲ್ಲ. ಖಾಲಿ ಓಣಿಗಳಲ್ಲಿ ನಡೆ ಎಂದಳು. ಪ್ಲಸ್ ಗುರುತು ಮನುಷ್ಯನ ತಲೆಯ ಎತ್ತರದಲ್ಲಿ, ಮುಂದಿನ ಮೂಲೆಯ ಅಂಚಿಗೆ ಅಂಟಿಕೊಂಡೇ ಇರಬೇಕು. ಯಾರಾದರೂ ಬಂದರೆ ಅವನೇ ನಿನ್ನ ಗುರಿಯೊಳಗೆ ನಡೆದು ಬರಬೇಕು, ನೀನು ಹುಡುಕಿಕೊಂಡು ಹೋಗುವುದಲ್ಲ. ಗುರುತು ಕೆಳಗಿಳಿದರೆ “ನೆಲ!” ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ಎಷ್ಟು ಸಲ ಕೂಗಿದಳೆಂದರೆ ಅವಳಿಗೆ ಕನ್ನಡದ ‘ನೆಲ’ ಎಂಬ ಪದವನ್ನೇ ಕಲಿಸಿಬಿಟ್ಟೆ.

ಎರಡನೆಯ ಪಾಠ: ನಿಂತು ಹೊಡಿ. ಓಡುತ್ತಾ ಹೊಡೆದರೆ ಈ ಆಟದಲ್ಲಿ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಎಡಕ್ಕೆ ಓಡುತ್ತಿದ್ದರೆ ಬಲದ ಕೀಲಿಯನ್ನು ಒಮ್ಮೆ ತಟ್ಟಬೇಕು. ಮನುಷ್ಯ ಗಕ್ಕನೆ ನಿಲ್ಲುತ್ತಾನೆ. ಆ ಕ್ಷಣಕ್ಕೆ ಗುಂಡು. ಅದೂ ಒಂದೇ. ಒಂದಕ್ಕಿಂತ ಹೆಚ್ಚು ಹೊಡೆದರೆ ಎಲಿನ್ ನನ್ನ ತೋಳಿಗೆ ಬೆರಳಿನಿಂದ ಚುಚ್ಚುತ್ತಿದ್ದಳು. ಬೇಗ ಹೊಡೆಯಬೇಡ, ಸರಿಯಾಗಿ ಹೊಡಿ. ಬೇಗ ತಾನಾಗಿ ಬರುತ್ತದೆ ಎನ್ನುತ್ತಿದ್ದಳು.

ಎಲ್ಲ ಸರಿ, ಆದರೆ ನಾನು ಹಾಸನದಿಂದ ತಂದ ಮೌಸ್ ಪ್ಯಾಡು ಅಂಗೈಯಗಲ. ತಿರುಗಲು ಹೋದರೆ ಮೌಸು ಪ್ಯಾಡಿನಿಂದ ಜಾರಿ ಮೇಜಿಗೆ ಬೀಳುತ್ತಿತ್ತು. ಎಲಿನ್‌ಳ ದೊಡ್ಡ ಪ್ಯಾಡು ಒಂದೇ ಒಂದು, ಅದು ಅವಳಿಗೆ ಬೇಕು. ಊರಿನ ಅಂಗಡಿಗಳಲ್ಲಿದ್ದವನ್ನೆಲ್ಲ ಪಂದ್ಯಕ್ಕೆ ಬಂದವರು ಕೊಂಡು ಮುಗಿಸಿದ್ದರು.

ರಂಗಣ್ಣ ಅವಳ ಪ್ಯಾಡಿನ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದರು. “ಮ್ಯಾಲೆ ಬಟ್ಟೆ. ಕೆಳೀಕೆ ರಬ್ರು. ಇಷ್ಟೇ ತಾನೇ?”

ಗುನಿಲ್ಲಾ ನಮ್ಮನ್ನು ಬಟ್ಟೆ ಅಂಗಡಿಗೆ ಕರೆದೊಯ್ದರು. ರಂಗಣ್ಣ ಜೇಬಿನಿಂದ ಮೌಸು ತೆಗೆದು ಒಂದೊಂದೇ ಥಾನಿನ ಮೇಲೆ ಓಡಿಸತೊಡಗಿದರು. ರೇಷ್ಮೆಯಂಥದ್ದು ಜಾರಿತು. ಉಣ್ಣೆಯದು ಹಿಡಿದುಕೊಂಡಿತು. ಅಂಗಡಿಯ ಹುಡುಗಿ ಬಾಯಿ ತೆರೆದು ನಿಂತಳು. ಹನ್ನೊಂದನೆಯದೋ ಹನ್ನೆರಡನೆಯದೋ, ಒತ್ತು ನೇಯ್ಗೆಯ ಒಂದು ಕಪ್ಪು ಬಟ್ಟೆಯ ಮೇಲೆ ಮೌಸು ತಡೆಯಿಲ್ಲದೆ ಓಡಿ, ಬಿಟ್ಟ ಕಡೆಯೇ ನಿಂತಿತು. “ಇದು!” ಎಂದರು. ಕೆಳಭಾಗಕ್ಕೆ, ಜಮಖಾನೆ ಜಾರದಂತೆ ಅಡಿಗೆ ಹಾಸುವ ರಬ್ಬರಿನ ಹಾಳೆ ಸಿಕ್ಕಿತು.

ರಂಗಣ್ಣನ ಕತ್ತರಿಯನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಂಡಿದ್ದರು. ಅದು ನೆನಪಾದಾಗಲೆಲ್ಲ ಅವರ ಮುಖ ಸಪ್ಪೆಯಾಗುತ್ತಿತ್ತು. ಗುನಿಲ್ಲಾ ತಮ್ಮ ದೊಡ್ಡ ಕತ್ತರಿ ಕೈಗೆ ಕೊಟ್ಟಾಗ ಗಾಳಿಯಲ್ಲಿ ಎರಡು ಸಲ ಕಚಕಚ ಅನ್ನಿಸಿ ನೋಡಿ, ಹಣೆಗೆ ಒತ್ತಿಕೊಂಡರು. ಹೊಲಿಗೆ ಯಂತ್ರ ಕರೆಂಟಿನದು. ಕಾಲಿಟ್ಟ ತಕ್ಷಣ ಅದು ಬಟ್ಟೆಯನ್ನೆಲ್ಲ ನುಂಗುವ ಹಾಗೆ ಓಡಿತು. “ಅಯ್ಯಯ್ಯೋ, ಇದೇನ್ ತಾಯಿ, ಕುದ್ರೆ ಕಟ್ಟಿದ್ದೀರಾ!” ಎಂದು ಕನ್ನಡದಲ್ಲೇ ಗುನಿಲ್ಲಾರನ್ನು ಕೇಳಿದರು. ಅವರು ಸ್ವೀಡಿಷ್‌ನಲ್ಲೇ ಏನೋ ಹೇಳಿ ಪಾದದ ಒತ್ತು ತೋರಿಸಿದರು. ಆಮೇಲೆ ನನ್ನ ತರ್ಜುಮೆ ಇಬ್ಬರಿಗೂ ಬೇಕಾಗಲಿಲ್ಲ.

ಒಂದೂವರೆ ಅಡಿ ಉದ್ದದ ಪ್ಯಾಡು, ಅಂಚಿನ ಸುತ್ತ ಕೆಂಪು ಬಟ್ಟೆಯ ಪೈಪಿಂಗ್. ಗುನಿಲ್ಲಾ ಅದನ್ನು ಮಗುಚಿ ಹಿಂಬದಿಯ ಹೊಲಿಗೆ ನೋಡಿದರು. ಹೊಲಿಗೆ ಬಲ್ಲವರು ಎಲ್ಲ ಕಡೆಯೂ ಮೊದಲು ಅದನ್ನೇ ನೋಡುತ್ತಾರೇನೋ. “ಫೀನ್ತ್,” ಎಂದರು. ಚೆನ್ನಾಗಿದೆ ಎಂದು. ರಂಗಣ್ಣ ಕಲಿತ ಏಕೈಕ ಸ್ವೀಡಿಷ್ ಪದ ಅದು. ಅಂದಿನಿಂದ ಬಸ್ಸು, ಸೂಪು, ಹಿಮ ಎಲ್ಲವೂ ಅವರಿಗೆ ಫೀನ್ತ್.

ಮತ್ತೆ ನೆಲಮಾಳಿಗೆ. ತೋಳು ಸರಿಸಲು ಜಾಗ ಸಿಕ್ಕಿತು ನೋಡಿ! ಮೌಸು ಎಳೆದಷ್ಟೂ ಬರುತ್ತಿತ್ತು. ಗುರುತು ನನ್ನ ಮಾತು ಕೇಳುತ್ತಿತ್ತು. ಬೆಳಿಗ್ಗೆ ಹತ್ತು ಗುಂಡಿನಲ್ಲಿ ಎರಡು ತಾಗುತ್ತಿದ್ದವು. ಮೂರೂವರೆಯ ಕತ್ತಲಾಗುವ ಹೊತ್ತಿಗೆ ಹತ್ತಕ್ಕೆ ಆರು. ಭುಜ ಹಾರೆ ಹೊಡೆದವರ ಹಾಗೆ ನೋಯುತ್ತಿತ್ತು. ನನಗೆ ಏಳಲು ಮನಸ್ಸೇ ಬರಲಿಲ್ಲ.

ನಾಲ್ಕನೆಯ ದಿನ

ನಮ್ಮ ಮೊದಲ ಎದುರಾಳಿಗಳು ನಾರ್ವೆಯ ಇಬ್ಬರು. ಇಬ್ಬರೂ ಬಾಗಿಲಿನಷ್ಟು ಎತ್ತರ. ಕೈಕುಲುಕಿ ಕೂತರು.

ಅಂದು ರಂಗಣ್ಣನಿಗೆ ಏನಾಯಿತೋ. ಚಳಿಗೆ ಬೆರಳು ಮರಗಟ್ಟಿದ್ದವು. ಬಿಸಿ ಕಾಫಿ ಲೋಟ ಹಿಡಿದು ಕಾಯಿಸಿಕೊಂಡರೂ ಬಗ್ಗುತ್ತಿರಲಿಲ್ಲ. ಎಲ್ಲ ಸುತ್ತಿನಲ್ಲೂ ಮೊದಲು ಸಾಯುತ್ತಿದ್ದವರು ಅವರೇ. ಏಳು–ಮೂರಕ್ಕೆ ಹಿಂದೆ ಬಿದ್ದೆವು. ಒಂದು ಸುತ್ತು ಮುಗಿದಾಗ ಅವರು ಹೆಡ್‌ಫೋನು ಕಿವಿಯಿಂದ ಸರಿಸಿ ನನ್ನ ಕಡೆ ಬಾಗಿದರು.

“ಮಿಸ್ಸೇ, ನಂಗಿವತ್ತು ಆಯ್ತಾ ಇಲ್ಲ. ನೀವ್ ಒಡೀರಿ.”

“ರಂಗಣ್ಣ, ನಾನಾ?”

“ಇನ್ಯಾರವ್ರೆ ಇಲ್ಲಿ? ನಾನ್ ಮುಂದೆ ಓಯ್ತೀನಿ, ಅವ್ರು ನನ್ನ ಒಡೀಲಿ. ಅವ್ರು ನನ್ನ ನೋಡೋ ಟೈಮಲ್ಲಿ ನೀವು ಅವ್ರನ್ನ ನೋಡಿ.”

ಹಾಗೇ ಮಾಡಿದೆವು. ಅವರು ಓಡಿ ಹೋಗಿ ಗಲಾಟೆಯೆಬ್ಬಿಸುವುದು, ನಾನು ಹಿಂದಿನಿಂದ ಗುರುತನ್ನು ಮೂಲೆಯ ಅಂಚಿಗೆ ಅಂಟಿಸಿ ಬರುವುದು. ಮೊದಲ ಸಲ ಒಬ್ಬ ಕಾಣಿಸಿದ. ಎದುರು ದಿಕ್ಕಿನ ಕೀಲಿ ತಟ್ಟಿದೆ, ನಿಂತೆ, ಒಂದು ಗುಂಡು. ಅವನು ಬಿದ್ದ! ಕಣ್ಣೆದುರೇ, ಒಂದೇ ಗುಂಡಿಗೆ! ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಇನ್ನೊಬ್ಬನ ಹೆಜ್ಜೆ ಸಪ್ಪಳವೇ ಕೇಳಿಸಲಿಲ್ಲ. ಆದರೂ ಅವನು ಬಂದದ್ದು ಗುರುತಿನೊಳಕ್ಕೇ. ಅವನೂ ಬಿದ್ದ.

ಏಳು–ನಾಲ್ಕು. ಏಳು–ಆರು. ಒಂದು ನಮಗೆ, ಒಂದು ಅವರಿಗೆ. ಒಂಬತ್ತು–ಒಂಬತ್ತು.

ಕೊನೆಯ ಸುತ್ತಿನಲ್ಲಿ ರಂಗಣ್ಣ ಬಿದ್ದರು, ಬೀಳುವ ಮುನ್ನ ಒಬ್ಬನನ್ನು ಕೆಡವಿದರು. ಉಳಿದವರು ನಾನು ಮತ್ತು ಒಬ್ಬ. ಅವನು ಪೆಟ್ಟಿಗೆಗಳ ಹಿಂದಿದ್ದ. ನನ್ನ ಹಳೆಯ ಕೈ ಆಗಿದ್ದರೆ ಅಷ್ಟು ಹೊತ್ತಿಗೆ ಪೆಟ್ಟಿಗೆಯ ಮೇಲೆ ಮೂವತ್ತು ಗುಂಡು ಖಾಲಿ ಮಾಡಿರುತ್ತಿತ್ತು. ಸುಮ್ಮನೆ ನಿಂತೆ. ಗುರುತು ತಲೆಯ ಎತ್ತರದಲ್ಲಿ, ಪೆಟ್ಟಿಗೆಯ ಅಂಚಿನಲ್ಲಿ. ಕಾದೆ. ಅವನಿಗೆ ಕಾಯಲಾಗಲಿಲ್ಲ, ಹೊರಬಂದ.

ರಂಗಣ್ಣ ಕುರ್ಚಿಯ ಮೇಲೆಯೇ ಎದ್ದು ನಿಂತು, “ಬಿದ್ದ ಕಣ್ರಪ್ಪೋ!” ಎಂದು ಕೂಗಿದರು. ಇಡೀ ಸಾಲು ತಿರುಗಿ ನೋಡಿತು. ಆಮೇಲೆ, ಆ ಮೌನದ ಜನ, ಚಪ್ಪಾಳೆ ಹೊಡೆದರು. ನಾನು ಮೇಜಿನ ಮೇಲೆ ಹಣೆಯಿಟ್ಟು ನಕ್ಕೆ, ಅತ್ತೆ, ಎರಡೂ.

ಮಧ್ಯಾಹ್ನದ ಎರಡನೆಯ ಪಂದ್ಯದಲ್ಲಿ ಸ್ವೀಡನ್ನಿನದೇ ಒಂದು ಜೋಡಿ ನಮ್ಮನ್ನು ಹತ್ತು–ಆರಕ್ಕೆ ಸೋಲಿಸಿತು. ಅವರು ನಮಗಿಂತ ಚೆನ್ನಾಗಿದ್ದರು, ಅಷ್ಟೇ. ಆ ಆರರಲ್ಲಿ ನಾಲ್ಕು ನನ್ನವು. ಮುಗಿದ ಮೇಲೆ ಗೆದ್ದವರಲ್ಲೊಬ್ಬ ಬಂದು, ಕೆಂಪು ಅಂಚಿನ ಆ ಪ್ಯಾಡು ಎಲ್ಲಿ ಸಿಗುತ್ತದೆ ಎಂದು ಕೇಳಿದ. ರಂಗಣ್ಣ ಅವನ ತೋಳು ಹಿಡಿದು ಅಳತೆ ತೆಗೆದುಕೊಂಡರು. ನೋಡುತ್ತಿದ್ದ ಇನ್ನೂ ಮೂವರು ತಾವಾಗಿಯೇ ಅವನ ಹಿಂದೆ ಸಾಲಾಗಿ ನಿಂತರು. ಆ ದೇಶದ ಜನ ಸಾಲು ಕಂಡರೆ ಬಿಡುವವರಲ್ಲ.

ಸಂಜೆ ಮನೆಗೆ ಫೋನು ಮಾಡಿದೆ. ಅಮ್ಮ, “ಊಟಕ್ಕೆ ಏನು ಕೊಡ್ತಾರೆ? ಅನ್ನ ಸಿಗುತ್ತಾ?” ಎಂದಳು. ಅಪ್ಪ ಫೋನು ಕಿತ್ತುಕೊಂಡು, “ಎಷ್ಟು ಹೊಡೆದೆ, ಅದು ಹೇಳು,” ಎಂದರು.

ಐದನೆಯ ದಿನ

ನಮ್ಮ ರೈಲು ಮಧ್ಯಾಹ್ನಕ್ಕೆ. ಚೀಲ ಕಟ್ಟಿ ಮುಗಿದಿತ್ತು. ಎಲಿನ್ ನೆಲಮಾಳಿಗೆಯ ಬಾಗಿಲು ತೆರೆದು ನಿಂತು, “ಒಂದು ಆಟ? ಮೊದಲು ಹದಿನೈದು ಮುಟ್ಟಿದವರದು?” ಎಂದಳು.

ಅಷ್ಟು ದಿನ ಅವಳು ನನ್ನೆದುರು ಆಡಿರಲಿಲ್ಲ, ಕಲಿಸುತ್ತಿದ್ದಳು, ಅಷ್ಟೆ. ಈಗ ನಿಜವಾಗಿ ಆಡಿದಳು. ಕಣ್ಣು ಮಿಟುಕಿಸುವುದರೊಳಗೆ ಐದು–ಒಂದು, ಅವಳೇ ಮುಂದೆ. ಹನ್ನೊಂದು–ಏಳು. ನಾನು ನೆಲ ನೋಡಿದಾಗ ತಾನೇ ಕನ್ನಡದಲ್ಲಿ “ನೆಲ!” ಎಂದು ಕೂಗಿ, ನಗುತ್ತಾ ಹೊಡೆಯುತ್ತಿದ್ದಳು. ನನಗೂ ನಗು. ನಗುತ್ತಲೇ ಎರಡು ಹೊಡೆದೆ, ಮತ್ತೆ ಮೂರು. ಹೊರಗೆ ಗುನಿಲ್ಲಾ ಕಾರಿನ ಹಾರ್ನು ಒತ್ತಿದರು. ಆ ಊರಿನಲ್ಲಿ ನಾನು ಕೇಳಿದ ಮೊದಲ ಹಾರ್ನು ಅದು.

ರಂಗಣ್ಣ ಎರಡೂ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲಿಳಿದು ಬಂದರು. “ಮಿಸ್ಸೇ, ರೈಲ್ ಒಂಟೋಯ್ತದೆ! ಏಳಿ ಮ್ಯಾಕೆ!”

“ಒಂದೇ ನಿಮಿಷ ರಂಗಣ್ಣ.”

ಅವರು ನನ್ನ ಪರದೆಯ ಮೂಲೆ ನೋಡಿದರು. ಹದಿನಾಲ್ಕು–ಹದಿನಾಲ್ಕು. ಚೀಲಗಳನ್ನು ಮೆಲ್ಲಗೆ ಕೆಳಗಿಟ್ಟರು.

“ಓಗ್ಲಿ ಬುಡಿ. ಇನ್ನೊಂದ್ ರೈಲೈತೆ. ಒಡೀರಿ.”

ನಾನು ಓಣಿಯ ಕೊನೆಗೆ ಬಂದೆ. ಮೂಲೆಯಾಚೆ ಎಲಿನ್‌ಳ ಹೆಜ್ಜೆ ಕೇಳಿಸಿ, ನಿಂತಿತು. ಅವಳೂ ಕಾಯುತ್ತಿದ್ದಾಳೆ. ಈ ಸಲ ನಾನೇ ಹೊರಬಿದ್ದೆ. ಎರಡು ಹೆಜ್ಜೆ, ಎದುರು ಕೀಲಿ ತಟ್ಟಿದೆ, ಗಕ್ಕನೆ ನಿಂತೆ. ಅವಳ ಗುಂಡು ನನ್ನ ಕಿವಿಯ ಪಕ್ಕ ಹೋಯಿತು. ನನ್ನದು ಪಕ್ಕ ಹೋಗಲಿಲ್ಲ.

ಎಲಿನ್ ಹೆಡ್‌ಫೋನು ಕಿತ್ತು, ಸ್ವೀಡಿಷ್‌ನಲ್ಲಿ ಏನೋ ಬೈದು, ಎದ್ದು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ರಂಗಣ್ಣ “ಫೀನ್ತ್! ಫೀನ್ತ್!” ಎನ್ನುತ್ತಾ ಚೀಲಗಳನ್ನು ಮತ್ತೆ ಎತ್ತಿಕೊಂಡರು.

ರೈಲು ಹೋಗಿತ್ತು. ಮುಂದಿನದು ಒಂದು ಗಂಟೆ ಬಿಟ್ಟು ಬಂತು. ಪ್ಲಾಟ್‌ಫಾರ್ಮಿನಲ್ಲಿ ಕೂರಲು ಬೆಂಚುಗಳಿದ್ದವು, ಹಿಮ ಬೀಳುತ್ತಿತ್ತು, ಎಲ್ಲರೂ ಮೈ ಮುದುಡಿ ಕೂತಿದ್ದರು. ನಾನು ಆ ಒಂದು ಗಂಟೆಯೂ ಈ ತುದಿಯಿಂದ ಆ ತುದಿಗೆ ನಡೆದಾಡುತ್ತಲೇ ಇದ್ದೆ. ಕೂರಲು ಆಗಲೇ ಇಲ್ಲ.